ಯಾವುದು ಕಾಯುತ್ತೆ, ಯಾವುದು ಕಾಯಲ್ಲ: ಮಂಗಳೂರಿನ ಕ್ರಿಸ್ಮಸ್ ಊಟ

ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್ಮಸ್ ಅಡುಗೆ ಮಾಡುವವರಿಗೆ ಒಂದು ಫಜೀತಿ ಇದೆ. ಡಿಸೆಂಬರ್ 24ರ ರಾತ್ರಿ ಚರ್ಚಿನಲ್ಲಿ ಬಲಿಪೂಜೆ. ಮನೆಗೆ ಬರುವಾಗ ತಡವಾಗಿರುತ್ತದೆ. ಬೆಳಗಾದರೆ ನೆಂಟರಿಷ್ಟರು ಬರೋಕೆ ಶುರು. ಮಧ್ಯಾಹ್ನಕ್ಕೆ ಮನೆ ತುಂಬಾ ಜನ, ಎಲ್ಲರಿಗೂ ಭರ್ಜರಿ ಊಟ ಬೇಕು. ಅಡುಗೆ ಮಾಡುವವರೂ ಹೊಸ ಬಟ್ಟೆ ಹಾಕಿಕೊಂಡು ಪೂಜೆಗೆ ಹೋಗಬೇಕಲ್ಲ? ಒಲೆ ಮುಂದೆ ನಿಲ್ಲೋದು ಯಾವಾಗ?

ಉತ್ತರ ತಟ್ಟೆಯಲ್ಲೇ ಇದೆ. ಹಬ್ಬಕ್ಕೆ ಮೊದಲೇ ಡಬ್ಬ ತುಂಬುವ ಕುಸ್ವಾರ್ ಅನ್ನುವ ತಿಂಡಿಗಳು ವಾರಗಟ್ಟಲೆ ಕೆಡುವುದಿಲ್ಲ. ಹಿಂದಿನ ದಿನ ಬೇಯಿಸಿಟ್ಟ ಹಂದಿ ಬಫಾತ್, ಅಂದರೆ ಹಂದಿ ಮಾಂಸದ ಮಸಾಲೆ ಗಸಿ, ಮರುದಿನ ಇನ್ನೂ ರುಚಿ. ಇಡ್ಲಿಯಂಥ ಸನ್ನಾ ಮಾತ್ರ ಯಾರಿಗೂ ಕಾಯುವುದಿಲ್ಲ, ಅದನ್ನು ಬಿಸಿಬಿಸಿಯಾಗೇ ಇಳಿಸಬೇಕು. ಈ ಊಟವನ್ನು ಯಾರೂ ಕೂತು ಲೆಕ್ಕ ಹಾಕಿ ರೂಪಿಸಿಲ್ಲ. ಆದರೆ ಮನೆಯವರಿಗೆ ಹಬ್ಬದ ದಿನ ಪುರುಸೊತ್ತು ಕೊಟ್ಟ ತಿನಿಸುಗಳೇ ಉಳಿದುಕೊಂಡು, ಕೊನೆಗೆ ಅಚ್ಚುಮೆಚ್ಚಾದವು ಅಂತ ನನಗನಿಸುತ್ತದೆ. ಒಂದೊಂದೂ ಹೇಗೆ ಕಾಯುತ್ತದೆ ಅನ್ನೋದರ ಹಿಂದೆ ಒಳ್ಳೆಯ ರಸಾಯನ ವಿಜ್ಞಾನ ಇದೆ.

ಮೊದಲು ಕುಸ್ವಾರ್. ನೆವ್ರಿ, ಕಿಡ್ಯೊ, ಗುಳಿಯೊ, ತುಕ್ಡಿ, ಕೊಕ್ಕಿಸಾಂ, ಚಕ್ಕುಲಿ ಎಲ್ಲ ಸೇರಿದ ತಟ್ಟೆ ಇದು. ಕರ್ಜಿಕಾಯಿ ತಿಂದವರಿಗೆ ನೆವ್ರಿ ಹೊಸದೇನಲ್ಲ. ಒಳಗೆ ಎಳ್ಳು, ಸಕ್ಕರೆ, ಒಣಕೊಬ್ಬರಿ, ಗೇರುಬೀಜ, ಒಣದ್ರಾಕ್ಷಿ. ಗೇರು ಮರ ಬ್ರೆಜಿಲಿನದು, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂತು. ಗೋವಾದಿಂದ ದಕ್ಷಿಣಕ್ಕೆ ವಲಸೆ ಬಂದವರ ವಂಶದವರೇ ಇವತ್ತಿನ ಮಂಗಳೂರು ಕ್ಯಾಥೊಲಿಕರಲ್ಲಿ ಹೆಚ್ಚಿನವರು. ಹಾಗಾಗಿ ಈ ತಟ್ಟೆಯಲ್ಲಿ ಊರಿನ ತಿಂಡಿಯೂ ಇದೆ, ಕಡಲಾಚೆಯ ಸಾಮಾನೂ ಇದೆ.

ನೆವ್ರಿಗೆ ಹಸಿ ತೆಂಗಿನತುರಿ ಹಾಗೇ ಹಾಕಿದರೆ ನಾಲ್ಕು ದಿನವೂ ಇರುವುದಿಲ್ಲ. ಒಣಕೊಬ್ಬರಿ ಹಾಕಿದರೆ, ಇಲ್ಲವೇ ತುರಿಯನ್ನು ಚೆನ್ನಾಗಿ ಹುರಿದು ಹಾಕಿದರೆ ವಾರಗಟ್ಟಲೆ ಇರುತ್ತದೆ. ತಿನಿಸಿನಲ್ಲಿ ಎಷ್ಟು ನೀರಿದೆ ಅನ್ನೋದಕ್ಕಿಂತ, ಅದರಲ್ಲಿ ಸೂಕ್ಷ್ಮಜೀವಿಗಳ ಕೈಗೆ ಸಿಗುವ ನೀರೆಷ್ಟು ಅನ್ನೋದು ಮುಖ್ಯ. ವಿಜ್ಞಾನಿಗಳು ಇದನ್ನು ನೀರಿನ ಚಟುವಟಿಕೆ ಅಂತಾರೆ, 0ಯಿಂದ 1ರವರೆಗೆ ಅಳೆಯುತ್ತಾರೆ. ಶುದ್ಧ ನೀರಿಗೆ 1. ತಿನಿಸು ಕೆಡಿಸುವ ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ 0.9ರ ಮೇಲಿರಬೇಕು. 0.6ಕ್ಕಿಂತ ಕೆಳಗಿಳಿದರೆ ಬೂಸ್ಟಿಗೂ ಬದುಕಿಲ್ಲ. ಕರಿಯುವುದು, ಹುರಿಯುವುದು, ಸಕ್ಕರೆ ಪಾಕ ಹಿಡಿಸುವುದು, ಇವೆಲ್ಲ ಆ ಸಂಖ್ಯೆಯನ್ನು ಇಳಿಸುವ ಉಪಾಯಗಳೇ. ಸಕ್ಕರೆ ನೀರನ್ನು ತನ್ನ ಕಡೆ ಹಿಡಿದುಕೊಳ್ಳುತ್ತದೆ. ನೀರು ಅಲ್ಲೇ ಇದ್ದರೂ ಸೂಕ್ಷ್ಮಜೀವಿಗೆ ಸಿಗುವುದಿಲ್ಲ.

ಕಿಡ್ಯೊ ಮಾಡುವಾಗ ಹಿಟ್ಟಿನ ಚಿಕ್ಕ ಉಂಡೆಯನ್ನು ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನ ಮೇಲೋ ಒತ್ತಿ ಸುರುಳಿ ಸುತ್ತುತ್ತಾರೆ. ಗೀರುಗಳು ಬರೀ ಚಂದಕ್ಕಲ್ಲ. ಎಣ್ಣೆಗೆ ತಾಗುವ ಮೈ ಜಾಸ್ತಿಯಾಗುತ್ತದೆ, ನೀರು ಬೇಗ ಆವಿಯಾಗುತ್ತದೆ, ಆಮೇಲೆ ಪಾಕ ಅದೇ ಗೀರುಗಳಲ್ಲಿ ಕೂರುತ್ತದೆ. ಬಾಣಲೆಯಲ್ಲಿ ಏಳುವ ಗುಳ್ಳೆಗಳೆಲ್ಲ ಹಿಟ್ಟಿನ ನೀರಿನ ಆವಿ. ಗುಳ್ಳೆ ಕಡಿಮೆಯಾದರೆ ಒಳಗಿನ ನೀರು ಮುಗಿಯುತ್ತಾ ಬಂತು ಅಂತ ಅರ್ಥ. ಅವಸರಕ್ಕೆ ಬೆಂಕಿ ಜೋರು ಮಾಡಿದರೆ ಹೊರಗೆ ಬೇಗ ಕೆಂಪಾಗುತ್ತದೆ, ಒಳಗೆ ಪಸೆ ಉಳಿಯುತ್ತದೆ. ಎರಡು ದಿನದಲ್ಲಿ ಆ ಪಸೆ ಹೊರಗೆ ಹರಡಿ ಇಡೀ ಡಬ್ಬ ಮೆತ್ತಗಾಗುತ್ತದೆ. ಕರಾವಳಿಯ ಗಾಳಿಯಲ್ಲೇ ಪಸೆ ಇರುವುದರಿಂದ ಬಿಗಿ ಮುಚ್ಚಳದ ಡಬ್ಬ ಇಲ್ಲದೆ ಕುಸ್ವಾರ್ ಇಲ್ಲ. ಬೂಸ್ಟು ಬರದಿದ್ದರೂ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಮಟು ಹಿಡಿಯುವುದು ತಪ್ಪುವುದಿಲ್ಲ. ಜನವರಿ ಕೊನೆಗೆ ಡಬ್ಬದ ತಳದಲ್ಲಿ ಸಿಗುವ ತುಕ್ಡಿಗೆ ಬರುವ ವಾಸನೆ ಅದೇ.

ಇನ್ನು ಬಫಾತ್. ಹಬ್ಬದ ದಿನ ಇದಿಲ್ಲದೆ ಊಟ ಆಯ್ತು ಅಂದರೆ ಒಪ್ಪುವವರು ಕಡಿಮೆ.

ಬಫಾತ್‌ಗೆ ಚರ್ಮ, ಕೊಬ್ಬು, ಮಾಂಸ ಮೂರೂ ಇರುವ ತುಂಡು ಬೇಕು. ಆರೋಗ್ಯದ ಹೆಸರಲ್ಲಿ ಬರೀ ಕೆಂಪು ಮಾಂಸ ತಂದರೆ ಮನೆಯ ಹಿರಿಯರು ಬೈಯುತ್ತಾರೆ. ರುಚಿಯ ಮಟ್ಟಿಗೆ ಅವರು ಬೈಯುವುದು ಸರಿಯೇ. ಚರ್ಮದಲ್ಲಿ, ಮಾಂಸದ ಎಳೆಗಳ ನಡುವಿನ ಪೊರೆಯಲ್ಲಿ ಕೊಲಾಜನ್ ಅನ್ನುವ ಪ್ರೋಟೀನ್ ಇರುತ್ತದೆ. ಮೂರು ಎಳೆ ಹೊಸೆದ ಹಗ್ಗದ ಹಾಗೆ ಇದರ ರಚನೆ, ಹಲ್ಲಿಗೆ ಜಗ್ಗುವುದು ಇದೇ. ಮಾಂಸ 60 ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ಅದರ ಎಳೆಗಳು ಬಿಗಿದುಕೊಂಡು ನೀರನ್ನು ಹಿಂಡಿ ಹೊರಗೆ ಹಾಕುತ್ತವೆ. ಅಲ್ಲಿಗೆ ನಿಲ್ಲಿಸಿದರೆ ಇಂಥ ತುಂಡು ಗಟ್ಟಿ. ಸಣ್ಣ ಉರಿಯಲ್ಲಿ ಇನ್ನಷ್ಟು ಹೊತ್ತು ಬೇಯಿಸಿದರೆ ಕೊಲಾಜನ್‌ನ ಹೊಸೆತ ಬಿಚ್ಚಿಕೊಳ್ಳುತ್ತದೆ, ಜೆಲಟಿನ್ ಆಗಿ ಗಸಿಗೆ ಇಳಿಯುತ್ತದೆ. ತಿನ್ನುವಾಗ ತುಟಿಗೆ ಅಂಟುವ ಜಿಗುಟು ಇದರದ್ದು. ವಿನೆಗರಿನ ಹುಳಿ ಕೂಡ ಕೊಲಾಜನ್ ಸಡಿಲವಾಗಲು ಸಹಾಯ ಮಾಡುತ್ತದೆ.

ಸಾಂಪ್ರದಾಯಿಕವಾಗಿ ಇದಕ್ಕೆ ಎಣ್ಣೆ ಹಾಕುವುದೇ ಇಲ್ಲ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಬಫಾತ್ ಪುಡಿ ಎಲ್ಲ ಮಾಂಸದ ಜೊತೆಗೇ ಬೇಯುತ್ತವೆ. ಹಂದಿ ಕೊಬ್ಬು ಬೇಗ ಕರಗುತ್ತದೆ, ಬೇಕಾದ ಜಿಡ್ಡು ಅದರಿಂದಲೇ ಬರುತ್ತದೆ. ಪುಡಿಯಲ್ಲಿ ಒಣಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಶಿನ, ಲವಂಗ, ದಾಲ್ಚಿನ್ನಿ. ಅಳತೆ ಮನೆಮನೆಗೆ ಬೇರೆ, ಆ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ಬಣ್ಣಕ್ಕೆ ಹೆಚ್ಚಿನವರು ನೆಚ್ಚುವುದು ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸನ್ನು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಲ್ಲಿ ಖಾರ ಕಡಿಮೆ, ಕೆಂಪು ಜಾಸ್ತಿ. ಆ ಕೆಂಪಿಗೆ ಕಾರಣ ಕ್ಯಾಪ್ಸಾಂತಿನ್ ಅನ್ನುವ ವರ್ಣದ್ರವ್ಯ. ಅದು ನೀರಿನಲ್ಲಿ ಕರಗಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಮೆಣಸಿನ ಖಾರದ ಕ್ಯಾಪ್ಸೈಸಿನ್, ಅರಿಶಿನದ ಕರ್ಕ್ಯುಮಿನ್, ಲವಂಗದ ಯುಜಿನಾಲ್ ಇವೂ ನೀರಿಗಿಂತ ಜಿಡ್ಡಿಗೇ ಒಲಿಯುವ ವಸ್ತುಗಳು. ಕೊಬ್ಬು ತೆಗೆದು ಬಫಾತ್ ಮಾಡಿದರೆ ಮಸಾಲೆ ಬೇರೆ, ಮಾಂಸ ಬೇರೆ ಅನಿಸುವುದು ಅದಕ್ಕೇ.

ಹಾಗಾದರೆ ಮರುದಿನ ರುಚಿ ಹೆಚ್ಚೋದು ಯಾಕೆ? ಒಂದೇ ಕಾರಣ ಅಲ್ಲ. ಬೆಂದು ಇಳಿಸಿದಾಗ ಮಸಾಲೆ ಬಹುಪಾಲು ಗಸಿಯಲ್ಲೇ ಇರುತ್ತದೆ. ಉಪ್ಪು, ಹುಳಿ, ಪರಿಮಳದ ಅಣುಗಳು ಮಾಂಸದ ಒಳಗೆ ಇಳಿಯುವುದು ಬಹಳ ನಿಧಾನ, ಅದಕ್ಕೆ ರಾತ್ರಿಯಿಡೀ ಸಮಯ ಸಿಗುತ್ತದೆ. ತಣಿಯುತ್ತಾ ಹೋದಂತೆ ಮಾಂಸ ಸ್ವಲ್ಪ ರಸವನ್ನು ವಾಪಸ್ ಎಳೆದುಕೊಳ್ಳುತ್ತದೆ. ಜೆಲಟಿನ್ ಗಟ್ಟಿಯಾಗಿ ಆ ರಸವನ್ನು ಅಲ್ಲೇ ಹಿಡಿದಿಡುತ್ತದೆ. ಈರುಳ್ಳಿ ಬೆಳ್ಳುಳ್ಳಿಯ ಘಾಟು, ವಿನೆಗರಿನ ಮೂಗಿಗೆ ಹೊಡೆಯುವ ಚೂಪು ಎರಡೂ ಇಳಿಯುತ್ತವೆ. ಅಡುಗೆ ಮಾಡಿದವರಿಗೂ ಒಂದು ಲಾಭ ಇದೆ. ಗಂಟೆಗಟ್ಟಲೆ ಹಬೆ ಕುಡಿದ ಮೂಗಿಗೆ ಆ ದಿನ ಪರಿಮಳವೇ ತಿಳಿಯುವುದಿಲ್ಲ, ನಿದ್ದೆ ಮಾಡಿ ಎದ್ದ ಮೇಲೆ ಮತ್ತೆ ಹೊಸದಾಗಿ ಸಿಗುತ್ತದೆ.

ಆದರೆ ಬೇಯಿಸಿಟ್ಟ ಮಾಂಸವೆಲ್ಲ ಹೀಗೆ ಸುಧಾರಿಸುವುದಿಲ್ಲ. ಸಪ್ಪೆಯಾಗಿ ಬೇಯಿಸಿ ಫ್ರಿಜ್‌ನಲ್ಲಿಟ್ಟ ಮಾಂಸವನ್ನು ಮರುದಿನ ಬಿಸಿ ಮಾಡಿದರೆ ಹಳಸಲು, ರಟ್ಟಿನಂಥ ವಾಸನೆ ಬರುತ್ತದೆ. ಮಾಂಸದಲ್ಲಿರುವ ಕಬ್ಬಿಣದ ಅಂಶ ಕೊಬ್ಬು ಆಮ್ಲಜನಕದ ಜೊತೆ ಸೇರುವುದನ್ನು ಚುರುಕು ಮಾಡುವುದರಿಂದ ಹೀಗಾಗುತ್ತದೆ. ಲವಂಗ, ದಾಲ್ಚಿನ್ನಿ, ಅರಿಶಿನದಂಥ ಮಸಾಲೆಗಳಿಗೆ ಇದನ್ನು ತಡೆಯುವ ಗುಣ ಇದೆ. ಬಫಾತ್ ಪುಡಿ ರುಚಿಯ ಜೊತೆಗೆ ಕಾವಲನ್ನೂ ಮಾಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮೇಲೆ ಕೊಬ್ಬು ಹೆಪ್ಪುಗಟ್ಟಿದೆ, ವಿನೆಗರ್ ಇದೆ ಅಂತ ಮಡಕೆಯನ್ನು ರಾತ್ರಿಯಿಡೀ ಹೊರಗಿಡುವ ಪದ್ಧತಿ ಸುಮಾರು ಮನೆಗಳಲ್ಲಿತ್ತು. ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾಗಳ ಬೀಜಕಣಗಳು ಕುದಿಯುವ ಶಾಖದಲ್ಲೂ ಉಳಿಯಬಲ್ಲವು. ದೊಡ್ಡ ಪಾತ್ರೆ ನಿಧಾನಕ್ಕೆ ತಣಿಯುವಾಗ ಅವು ಮೊಳೆತು ಹೆಚ್ಚುತ್ತವೆ. ಕೊಬ್ಬಿನ ಪದರದ ಕೆಳಗೆ ಗಾಳಿ ಇಲ್ಲದಿರುವುದು ಅವಕ್ಕೆ ಅನುಕೂಲವೇ. ಚಿಕ್ಕ ಪಾತ್ರೆಗಳಿಗೆ ಹಂಚಿ, ಬೇಗ ತಣಿಸಿ ಫ್ರಿಜ್‌ನಲ್ಲಿಡಿ. ರುಚಿಗೇನೂ ನಷ್ಟ ಇಲ್ಲ.

ಕೊನೆಗೆ ಸನ್ನಾ. ನೋಡೋಕೆ ಇಡ್ಲಿ, ಹೊರಗಿನವರು ಇಡ್ಲಿ ಅಂತಲೇ ತಿನ್ನುತ್ತಾರೆ. ಉಬ್ಬುವ ಬಗೆ ಮಾತ್ರ ಬೇರೆ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಕೆಲಸ ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಅನ್ನುವ ಬ್ಯಾಕ್ಟೀರಿಯಾದ್ದು. ಅದು ಅಕ್ಕಿ ಉದ್ದಿನ ಜೊತೆಗೇ ಬಂದಿರುತ್ತದೆ, ರಾತ್ರಿಯಿಡೀ ಮೆಲ್ಲಗೆ ಕೆಲಸ ಮಾಡುತ್ತದೆ. ಸನ್ನಾ ಹಿಟ್ಟಿಗೆ ತೆಂಗಿನ ಮರದ ಶೇಂದಿ ಬೀಳುತ್ತದೆ. ಅದರಲ್ಲಿ ಯೀಸ್ಟ್ ಸೈನ್ಯವೇ ಇರುತ್ತದೆ.

ಮರದಿಂದ ಆಗ ತಾನೇ ಇಳಿದ ರಸ ಸಿಹಿ, ಹುಳಿಯಿಲ್ಲ. ಅದರಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಸಕ್ಕರೆ. ಗಾಳಿಯಿಂದ, ಹುಳುಗಳಿಂದ, ಹಿಂದಿನ ದಿನದ ಮಡಕೆಯಿಂದ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಸೇರಿಕೊಂಡು, ಮಡಕೆ ಕೆಳಗಿಳಿಯುವ ಮೊದಲೇ ಹುದುಗು ಶುರುವಾಗಿರುತ್ತದೆ. ಸಿಹಿ ನೀರಾ ಬೇಕಾದವರು ಮಡಕೆಗೆ ಸುಣ್ಣ ಬಳಿಯುವುದು ಇದನ್ನು ತಡೆಯಲಿಕ್ಕೆ. ಸುಮ್ನೆ ಬಿಟ್ಟರೆ ಒಂದೇ ದಿನದಲ್ಲಿ ರಸ ಮದ್ಯವಾಗಿ, ಹುಳಿಯಾಗಿ, ವಿನೆಗರಿನ ದಾರಿ ಹಿಡಿಯುತ್ತದೆ. ಬಫಾತ್‌ಗೆ ಹಾಕುವ ವಿನೆಗರೂ ಹಿಂದೆಲ್ಲ ಇದೇ ಶೇಂದಿಯದ್ದು.

ಯೀಸ್ಟ್‌ಗೆ ಅಕ್ಕಿಯ ಪಿಷ್ಟವನ್ನು ನೇರವಾಗಿ ಒಡೆಯಲು ಬರುವುದಿಲ್ಲ. ಅದು ಶೇಂದಿಯಲ್ಲಿ ಉಳಿದ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಶೇಂದಿ ಹಳತಾಗಿದ್ದರೆ ಸಕ್ಕರೆ ಖಾಲಿ. ಹಿಟ್ಟಿಗೆ ಒಂದು ಚಮಚ ಸಕ್ಕರೆ ಸೇರಿಸುವವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಯೀಸ್ಟ್‌ಗೆ ಊಟ ಹಾಕುತ್ತಿದ್ದಾರೆ. ಅಕ್ಕಿಯಲ್ಲಿ ಗೋಧಿಯ ಗ್ಲೂಟೆನ್ ಇಲ್ಲ, ಗುಳ್ಳೆಯನ್ನು ಹಿಡಿದಿಡುವುದು ಸ್ವಲ್ಪ ಉದ್ದಿನ ಲೋಳೆ ಮತ್ತು ಹಿಟ್ಟಿನ ದಪ್ಪ. ಅದಕ್ಕೆ ಗಡಿಯಾರ ನೋಡಬೇಕು. ಉಬ್ಬು ತುದಿ ಮುಟ್ಟಿದ ಮೇಲೆ ಬಿಟ್ಟರೆ ಗುಳ್ಳೆ ಒಡೆದು ಹಿಟ್ಟು ಕುಸಿಯುತ್ತದೆ. ಹಬೆಗಿಟ್ಟಾಗ ಅನಿಲ ಹಿಗ್ಗುತ್ತದೆ, ಪಿಷ್ಟ ಬೆಂದು ಗುಳ್ಳೆಗಳ ಗೋಡೆ ಗಟ್ಟಿಯಾಗುತ್ತದೆ. ಮದ್ಯಸಾರ ಸುಮಾರು 78 ಡಿಗ್ರಿಯಲ್ಲೇ ಕುದಿಯುವುದರಿಂದ ಬಹುಪಾಲು ಹಬೆಯ ಜೊತೆ ಹೋಗುತ್ತದೆ. ಸನ್ನಾ ತಿಂದು ಅಮಲೇರಿತು ಅನ್ನುವವರು ಬೇರೇನೋ ಕುಡಿದಿರುತ್ತಾರೆ.

ಬೆಂದ ಸನ್ನಾ ತಣಿದರೆ ಪಿಷ್ಟದ ಅಣುಗಳು ಮತ್ತೆ ಸಾಲುಗೂಡಿ ಗಟ್ಟಿಯಾಗುತ್ತವೆ. ಫ್ರಿಜ್‌ನ ತಣುಪಿನಲ್ಲಿ ಇದು ಇನ್ನೂ ಬೇಗ. ಬಫಾತ್‌ಗೆ ಒಳ್ಳೆಯದು ಮಾಡಿದ ಅದೇ ಫ್ರಿಜ್ ಸನ್ನಾಗೆ ಶತ್ರು. ಮತ್ತೆ ಹಬೆಯಲ್ಲಿಟ್ಟರೆ ಮೆದುವಾಗುತ್ತದೆ, ಮೊದಲಿನಷ್ಟಲ್ಲ. ಹಾಗಾಗಿ ಹಬ್ಬದ ದಿನ ಒಲೆ ಮೇಲೆ ಉಳಿಯುವ ಕೆಲಸ ಇದೊಂದೇ.

ಊರು ಬಿಟ್ಟವರಿಗೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಮಂಗಳೂರು ಕ್ಯಾಥೊಲಿಕರು ಕೊಲ್ಲಿ ದೇಶಗಳಲ್ಲಿ ಬಹಳ ಮಂದಿ ಇದ್ದಾರೆ. ಕುವೈತ್‌ನಲ್ಲಿ ಹಂದಿ ಮಾಂಸಕ್ಕೂ ನಿಷೇಧ, ಮದ್ಯಕ್ಕೂ ನಿಷೇಧ. ಬಫಾತ್ ಪುಡಿ ಮಾತ್ರ ಸೂಟ್‌ಕೇಸಿನಲ್ಲಿ ಹೋಗುತ್ತದೆ, ಕೋಳಿಗೆ ಬೀಳುತ್ತದೆ. ಕೋಳಿಯಲ್ಲಿ ಕೊಲಾಜನ್ ಕಡಿಮೆ, ಕೊಬ್ಬೂ ಕಡಿಮೆ. ಅದು ರಾತ್ರಿ ಕಾದರೂ ಹಂದಿಯಷ್ಟು ಬದಲಾಗುವುದಿಲ್ಲ. ಆದರೂ ಆ ಪರಿಮಳವೇ ಬೇಕು ಅನ್ನುವ ಹಟ ಎಲ್ಲಿಂದ? ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯಲ್ಲಿ ಜೂಲಿ ಮೆನೆಲಾ ಮತ್ತು ಜೊತೆಗಾರರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವು ತಾಯಂದಿರು ಬಸುರಿಯಾಗಿದ್ದಾಗ, ಇನ್ನು ಕೆಲವರು ಹಾಲೂಡಿಸುವಾಗ ಕ್ಯಾರೆಟ್ ರಸ ಕುಡಿದಿದ್ದರು. ಆ ಮಕ್ಕಳಿಗೆ ಮುಂದೆ ಕ್ಯಾರೆಟ್ ರುಚಿಯ ಗಂಜಿ ಕೊಟ್ಟಾಗ, ಸಾದಾ ಗಂಜಿಗಿಂತ ಅದಕ್ಕೆ ಕಡಿಮೆ ಮುಖ ಸಿಂಡರಿಸಿದವು, ಉಳಿದ ಮಕ್ಕಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ತಾಯಿ ತಿಂದದ್ದರ ಪರಿಮಳ ಗರ್ಭದ ನೀರಿಗೂ ಹಾಲಿಗೂ ಇಳಿಯುತ್ತದೆ. ಮನೆಯ ರುಚಿಯ ಪಾಠ ಅಲ್ಲಿಂದಲೇ ಶುರುವಾಗುತ್ತದೆ.

ಶೇಂದಿಯ ಬದಲಿಗೆ ಕುವೈತ್‌ನಲ್ಲಿ ಬ್ರೆಡ್ಡಿನ ಯೀಸ್ಟ್ ಹಾಕುತ್ತಾರೆ. ಸನ್ನಾ ಚೆನ್ನಾಗಿಯೇ ಉಬ್ಬುತ್ತದೆ, ರುಚಿ ಸಪ್ಪೆ. ಪೊಟ್ಟಣದಲ್ಲಿರುವುದು ಯೀಸ್ಟಿನ ಒಂದೇ ಜಾತಿ. ಶೇಂದಿಯಲ್ಲಿ ಹುಳಿ ಕೊಡುವ ಬ್ಯಾಕ್ಟೀರಿಯಾಗಳೂ ಇರುತ್ತವೆ, ಅವು ಇಲ್ಲಿಲ್ಲ. ಕೆಲವರು ಎಳನೀರು, ಸ್ವಲ್ಪ ಸಕ್ಕರೆ ಸೇರಿಸುತ್ತಾರೆ. ಅದರ ಜೊತೆಗೆ ಹಿಂದಿನ ಸಲದ ಹುಳಿ ಹಿಟ್ಟು ಒಂದು ಸೌಟು ಹಾಕಿ ರಾತ್ರಿ ಬಿಟ್ಟರೆ, ಆ ಬ್ಯಾಕ್ಟೀರಿಯಾಗಳಲ್ಲಿ ಕೆಲವಾದರೂ ವಾಪಸ್ ಬರುತ್ತವೆ.