ರೈಜನ್ ನಂಬರ್ ಓದೋದು, ಆಮೇಲೆ ರಿವ್ಯೂ ನಂಬೋದು

ಲ್ಯಾಪ್‌ಟಾಪ್ ತಗೊಳ್ಳೋವಾಗ 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ ಇರ್ಲಿ ಅನ್ನೋದು ಎಲ್ರಿಗೂ ಗೊತ್ತು, ಅದನ್ನ ಬಿಡ್ತೀನಿ. ನಂಗೆ ತಲೆ ಕೆಟ್ಟಿದ್ದು ಪ್ರೊಸೆಸರ್ ನಂಬರ್ ಹತ್ರ.

ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕ ಇಡಿ, ಎರಡರಲ್ಲೂ ಎಎಂಡಿ ಕಂಪನಿಯ ಪ್ರೊಸೆಸರ್, ಎರಡಕ್ಕೂ ‘ರೈಜನ್ 5’ ಸ್ಟಿಕ್ಕರ್, ಒಂದು 7520ಯು, ಇನ್ನೊಂದು 7530ಯು. ಬರೀ ಹತ್ತು ನಂಬರ್ ವ್ಯತ್ಯಾಸ ತಾನೇ ಅನ್ಸುತ್ತೆ. ಆದ್ರೆ ಎಎಂಡಿ 7000 ಸಾಲಲ್ಲಿ ಒಂದೊಂದು ಅಂಕಿಗೂ ಬೇರೆ ಬೇರೆ ಅರ್ಥ: ಮೊದಲನೇ 7 ಅಂದ್ರೆ 2023ರ ಮಾಡೆಲ್, ಎರಡನೇದು ದರ್ಜೆ, ಮೂರನೇದು ಒಳಗಿರೋ ಆರ್ಕಿಟೆಕ್ಚರ್, ಅಂದ್ರೆ ಚಿಪ್‌ನ ಮೂಲ ವಿನ್ಯಾಸ, ಅದಕ್ಕೆ ಎಎಂಡಿ ಇಟ್ಟಿರೋ ಹೆಸರು ಝೆನ್. ಈ ಮೂರನೇ ಅಂಕಿನೇ ಮುಖ್ಯ. 2 ಇದ್ರೆ ಝೆನ್ 2, ಅಂದ್ರೆ 2019ರ ವಿನ್ಯಾಸ, 3 ಇದ್ರೆ ಝೆನ್ 3 ಅಥವಾ 3 ಪ್ಲಸ್, 4 ಇದ್ರೆ ಝೆನ್ 4. ಹಳೇ ವರ್ಷದ ಕಾಫಿಗೆ ಹೊಸ ಚೀಲ ಹಾಕಿ ಮಾರಿದ ಹಾಗೆ. 7520ಯುಗೆ 4 ಕೋರ್, 7530ಯುಗೆ 6. ಇನ್ನೊಂದು, 7520ಯು ಜೊತೆ ಬರೋ ಎಲ್‌ಪಿಡಿಡಿಆರ್5 ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತೆ, ಸೋ ‘8 ಜಿಬಿ ತಗೊಂಡು ಆಮೇಲೆ ಹಾಕಿಸ್ತೀನಿ’ ಅನ್ನೋ ಪ್ಲಾನ್ ನಡೆಯಲ್ಲ. ಬರೀ ‘ರೈಜನ್ 5, 2023’ ಅಂತ ಬರೆದಿರೋ ಜಾಹೀರಾತು ಕಂಡ್ರೆ ಪೂರ್ತಿ ನಂಬರ್ ಕೇಳಿ. ಆಮೇಲೆ ಬಂದ ರೈಜನ್ ಎಐ 300 ಸಾಲಿಗೆ ಈ ಲೆಕ್ಕ ಹೊಂದಲ್ಲ, ಅಲ್ಲಿ ಹೆಸರಿಡೋ ಕ್ರಮನೇ ಬೇರೆ.

ಇಂಟೆಲ್‌ಗೆ ಕೊನೇ ಅಕ್ಷರ ನೋಡಿ. 12, 13ನೇ ಜನರೇಶನ್ನಲ್ಲಿ ಯು ಅಂದ್ರೆ ಸಾಮಾನ್ಯವಾಗಿ 15 ವ್ಯಾಟ್ (ಕಮ್ಮಿ ಕರೆಂಟ್ ತಿನ್ನೋದು), ಎಚ್ ಅಂದ್ರೆ 45 (ಜಾಸ್ತಿ ತಿಂದು ಜಾಸ್ತಿ ಕೆಲಸ ಮಾಡೋದು). ಅಷ್ಟು ಸಾಕು.

ರಿವ್ಯೂನಲ್ಲೂ ಇದೇ ತೊಂದ್ರೆ, ಹೆಸರು ಒಂದೇ, ಮಾಲು ಬೇರೆ. ಹೊರದೇಶದ ರಿವ್ಯೂನಲ್ಲಿ ಸ್ಕ್ರೀನ್ ಸೂಪರ್ ಅಂತಾರೆ, ಅದೇ ಹೆಸರಿಂದು ಇಲ್ಲಿ 250 ನಿಟ್ಸ್ (ಬೆಳಕಿನ ಅಳತೆ), 45% ಎನ್‌ಟಿಎಸ್‌ಸಿ (ಎಷ್ಟು ಬಣ್ಣ ತೋರಿಸುತ್ತೆ ಅನ್ನೋ ಅಳತೆ) ಪ್ಯಾನೆಲ್‌ನಲ್ಲಿ ಬರಬಹುದು, ಫೋಟೋ ಎಡಿಟ್ ಮಾಡೋರಿಗೆ ಬಣ್ಣ ಸಪ್ಪೆ. ಅದಕ್ಕೇ ಬಾಕ್ಸ್ ಮೇಲೆ ಅಥವಾ ಅಡಿಯಲ್ಲಿರೋ ಪೂರ್ತಿ ಮಾಡೆಲ್ ಕೋಡ್ ಹಾಕಿ ಹುಡುಕಿ. ನೋಟ್‌ಬುಕ್‌ಚೆಕ್ ತರದ ರಿವ್ಯೂ ಸೈಟಿನವರು ಮೀಟರ್ ಇಟ್ಟು ಅಳೀತಾರೆ, ಬ್ಯಾಟರಿ ವೈಫೈ ಟೆಸ್ಟ್‌ಗೆ ಬ್ರೈಟ್‌ನೆಸ್ 150 ನಿಟ್ಸ್‌ಗೆ ಇಡ್ತಾರೆ, ಅದಕ್ಕೇ ಒಂದನ್ನ ಇನ್ನೊಂದಕ್ಕೆ ಹೋಲಿಸಬಹುದು. ಮಾರೋ ಸೈಟಲ್ಲಿ ಐದು ಸ್ಟಾರ್ ಬಿಟ್ಟು ಎರಡು-ಮೂರು ಸ್ಟಾರ್ ಓದಿ, ಮೂರು ತಿಂಗಳು ಬಳಸಿ ಕೀಲು ಸಡಿಲ ಆಯ್ತು ಅಂತ ಬರೆಯೋರು ಅಲ್ಲೇ ಸಿಗೋದು. ‘ಡೆಲಿವರಿ ಫಾಸ್ಟ್’ ರಿವ್ಯೂ ಅಲ್ಲ. ಬೇರೆ ವೇರಿಯಂಟ್‌ಗಳ ರಿವ್ಯೂನೂ ಒಂದೇ ಪೇಜಿಗೆ ಸೇರಿಸಿರ್ತಾರೆ, ರಿವ್ಯೂ ಬರೆದೋರ ಹೆಸರ ಕೆಳಗೆ ಯಾವ ಕಾನ್ಫಿಗರೇಶನ್ ಅಂತ ನೋಡಿ. ನಕಲಿ ರಿವ್ಯೂ ತಡೆಯೋಕೆ ಅಂತ ಬಿಐಎಸ್ (ಭಾರತದ ಗುಣಮಟ್ಟ ಸಂಸ್ಥೆ) 2022ರಲ್ಲಿ ಐಎಸ್ 19000 ಅನ್ನೋ ಮಾನದಂಡ ತಂತು, ತಂದಾಗ ಕಡ್ಡಾಯ ಮಾಡಿರ್ಲಿಲ್ಲ.

ಬ್ಯಾಟರಿಗೆ ‘10 ಗಂಟೆ’ ಅನ್ನೋದನ್ನ ಮರೀರಿ, ವ್ಯಾಟ್-ಅವರ್ (ಬ್ಯಾಟರಿ ಎಷ್ಟು ಹಿಡಿಯುತ್ತೆ ಅನ್ನೋ ಅಳತೆ) ನೋಡಿ. 42 ವ್ಯಾಟ್-ಅವರ್ ಇದ್ದು ಟೈಪ್ ಮಾಡುವಾಗ 7 ವ್ಯಾಟ್ ತಿಂದ್ರೆ 6 ಗಂಟೆ, ವಿಡಿಯೋ ಕಾಲಲ್ಲಿ 14 ತಿಂದ್ರೆ 3. ನಮ್ಮ ಕೊಡಗಿನ ಕಕ್ಕಡ ತಿಂಗಳ ಜೋರು ಮಳೇಲಿ ಮರ ಬಿದ್ದು ಕರೆಂಟ್ ಹೋದಾಗ ಈ ಲೆಕ್ಕನೇ ಕೈಗೆ ಬರೋದು. ಟೈಪ್-ಸಿ ಚಾರ್ಜಿಂಗ್ ಇದ್ರೆ ಇನ್ನೂ ಒಳ್ಳೇದು, ಬೇರೆ ಚಾರ್ಜರ್ ಸಿಗೋದು ಸುಲಭ.

ಕೊನೇದಾಗಿ, ‘ಆನ್‌ಸೈಟ್ ವಾರಂಟಿ’ ಅಂತಿದ್ರೂ ದುಡ್ಡು ಕೊಡೋ ಮುಂಚೆ ಕಸ್ಟಮರ್ ಕೇರ್‌ಗೆ ನಿಮ್ಮ ಪಿನ್‌ಕೋಡ್ ಹೇಳಿ ಕೇಳಿ. ಪೊನ್ನಂಪೇಟೆ, ಸೋಮವಾರಪೇಟೆ ಕಡೆಯ ತೋಟದ ಮನೆಗೆ ಟೆಕ್ನಿಷಿಯನ್ ಬರ್ತಾರಾ, ಇಲ್ಲ ಮೈಸೂರಿಗೆ ನೀವೇ ಹೊತ್ಕೊಂಡು ಹೋಗ್ಬೇಕಾ ಅಂತ ಅವ್ರ ಬಾಯಲ್ಲೇ ಕೇಳಿ, ಆಗಲ್ಲ ಅಂದ್ರೆ ಬ್ರ್ಯಾಂಡ್ ಬದಲಾಯಿಸಿ.