ಇದು ಆಕಾಶದ್ದೋ, ಲೆನ್ಸಿನದ್ದೋ?

ವಿಲಿಯಂ ಲ್ಯಾಸೆಲ್ ಲಿವರ್‌ಪೂಲ್‌ನಲ್ಲಿ ಬಿಯರ್ ತಯಾರಿಸಿ ಮಾರುತ್ತಿದ್ದ ವ್ಯಾಪಾರಿ. ಆಕಾಶ ನೋಡುವುದು ಅವರ ಹವ್ಯಾಸ. ಗಳಿಸಿದ ದುಡ್ಡಿನಲ್ಲಿ 24 ಅಂಗುಲದ ಕನ್ನಡಿಯ ದೂರದರ್ಶಕ ಕಟ್ಟಿಕೊಂಡಿದ್ದರು. 1846ರ ಸೆಪ್ಟೆಂಬರ್ 23ರಂದು ನೆಪ್ಚೂನ್ ಗ್ರಹ ಪತ್ತೆಯಾಯಿತು. ಅಕ್ಟೋಬರ್ 10ರಂದು ಲ್ಯಾಸೆಲ್ ಅದರ ಉಪಗ್ರಹ ಟ್ರೈಟಾನನ್ನು ಕಂಡುಹಿಡಿದರು. ಅದೇ ತಿಂಗಳು, ಅದೇ ದೂರದರ್ಶಕದಲ್ಲಿ, ನೆಪ್ಚೂನಿಗೆ ಒಂದು ಉಂಗುರ ಇರುವುದನ್ನೂ ಕಂಡರು.

ಟ್ರೈಟಾನ್ ನಿಜ. ಉಂಗುರ ಸುಳ್ಳು.

ಕೇಂಬ್ರಿಜ್‌ನ ಖಗೋಳ ವಿಜ್ಞಾನಿ ಜೇಮ್ಸ್ ಚಾಲಿಸ್ ಕೂಡ ಉಂಗುರ ಕಾಣುತ್ತಿದೆ ಎಂದು ಹೇಳಿದ್ದರಿಂದ ಸುದ್ದಿಗೆ ಇನ್ನಷ್ಟು ಬಲ ಬಂತು. 1852ರಲ್ಲಿ ಲ್ಯಾಸೆಲ್ ತಮ್ಮ ದೂರದರ್ಶಕವನ್ನು ಮಾಲ್ಟಾ ದ್ವೀಪಕ್ಕೆ ಸಾಗಿಸಿದರು. ಅಲ್ಲಿ ದೂರದರ್ಶಕದ ಕೊಳವೆಯನ್ನೇ ಅದರ ತೊಟ್ಟಿಲಲ್ಲಿ ತಿರುಗಿಸಿ ನೋಡಿದರು. ಉಂಗುರವೂ ಓರೆ ಬದಲಿಸಿತು! ಆಕಾಶದಲ್ಲಿರುವ ಉಂಗುರಕ್ಕೆ ಮಾಲ್ಟಾದಲ್ಲಿ ಯಾರೋ ಕೊಳವೆ ತಿರುಗಿಸಿದ್ದು ಹೇಗೆ ಗೊತ್ತಾಗಬೇಕು? ಅಲ್ಲಿಗೆ ಆ ಉಂಗುರದ ಕಥೆ ಮುಗಿಯಿತು. ನೆಪ್ಚೂನಿಗೆ ನಿಜವಾದ ಉಂಗುರಗಳೂ ಇವೆ. 1989ರಲ್ಲಿ ವಾಯೇಜರ್-2 ನೌಕೆ ಹತ್ತಿರ ಹೋಗಿ ಅವನ್ನು ತೋರಿಸಿತು. ಅವು ತುಂಬ ಮಂಕು. ಲ್ಯಾಸೆಲ್ ಅವರ ದೂರದರ್ಶಕಕ್ಕೆ ಕಾಣುವಂಥವಲ್ಲ.

ಇಂದಿನ ಹವ್ಯಾಸಿ ಖಗೋಳ ಛಾಯಾಗ್ರಾಹಕರ ಕೈಯಲ್ಲಿ ಲ್ಯಾಸೆಲ್ ಕನಸಿನಲ್ಲೂ ಕಾಣದ ಕ್ಯಾಮೆರಾಗಳಿವೆ. ತೊಂದರೆ ಮಾತ್ರ ಹಳೆಯದೇ. ಫೋಟೋದಲ್ಲಿ ವಿಚಿತ್ರವಾದದ್ದೇನೋ ಕಂಡ ಕೂಡಲೇ ನಾವು ಅದರ ರೂಪ ನೋಡುತ್ತೇವೆ. ನೀಹಾರಿಕೆಯ ಹಾಗಿದೆಯಾ, ಕಲೆಯ ಹಾಗಿದೆಯಾ ಅಂತ. ನನ್ನ ಪ್ರಕಾರ ರೂಪವನ್ನು ನಂಬಿದರೆ ಕೆಟ್ಟೆವು. ಕೇಳಬೇಕಾದ್ದು ಬೇರೆ: ಅದು ಯಾವುದರ ಜೊತೆ ಓಡಾಡುತ್ತದೆ? ಕ್ಯಾಮೆರಾದ ಜೊತೆಗೋ, ಹತ್ತಿರದ ಹೊಳೆಯುವ ನಕ್ಷತ್ರದ ಜೊತೆಗೋ, ಇಡೀ ಆಕಾಶದ ಜೊತೆಗೋ?

ಇದನ್ನು ಮೊಬೈಲಿನಲ್ಲೇ ಪರೀಕ್ಷಿಸಬಹುದು. ರಾತ್ರಿ ಚಂದ್ರನ ಫೋಟೋ ತೆಗೆದರೆ ಪಕ್ಕದಲ್ಲೆಲ್ಲೋ ಹಸಿರೋ ನೀಲಿಯೋ ಆದ ಪುಟ್ಟ ಚುಕ್ಕಿ ಬರುವುದುಂಟು. ಅಂಥ ಫೋಟೋ ವಾಟ್ಸಾಪಿಗೆ ಬಿದ್ದರೆ ಹೊಸ ಗ್ರಹ ಅಂತಲೋ ಹಾರುವ ತಟ್ಟೆ ಅಂತಲೋ ಸುತ್ತುತ್ತದೆ. ಕತ್ತರಿಸದ ಫೋಟೋ ಇದ್ದರೆ ಹೀಗೆ ಮಾಡಿ. ಚಂದ್ರನಿಂದ ಫೋಟೋದ ನಡುಮಧ್ಯಕ್ಕೆ ಒಂದು ಗೆರೆ ಎಳೆದು, ಅಷ್ಟೇ ದೂರ ಮುಂದಕ್ಕೆ ಎಳೆಯಿರಿ. ಚುಕ್ಕಿ ಹೆಚ್ಚುಕಡಿಮೆ ಅಲ್ಲೇ ಸಿಗುತ್ತದೆ. ಚಂದ್ರನ ಬೆಳಕು ಸೆನ್ಸರಿಗೆ ಬಡಿದು ಹಿಂದಕ್ಕೆ ಹೋಗಿ, ಲೆನ್ಸಿನ ಗಾಜಿಗೆ ತಾಗಿ ಮತ್ತೆ ಮರಳಿದ್ದು ಅದು. ಫೋನನ್ನು ಸ್ವಲ್ಪ ಆಚೀಚೆ ಮಾಡಿದರೆ ಫೋಟೋದಲ್ಲಿ ಚಂದ್ರ ಒಂದು ಕಡೆ ಸರಿಯುತ್ತಾನೆ, ಚುಕ್ಕಿ ಇನ್ನೊಂದು ಕಡೆ ಓಡುತ್ತದೆ.

ಸೂರ್ಯಗ್ರಹಣದ ದಿನ ಇದೇ ಪ್ರತಿಫಲನ ಉಪಯೋಗಕ್ಕೂ ಬರುತ್ತದೆ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣ ಕಾಣಿಸಿತ್ತಲ್ಲ, ಅಂಥ ಹೊತ್ತಿನಲ್ಲಿ ಫೋನಿನ ಫೋಟೋದಲ್ಲಿ ಸೂರ್ಯ ಬರೀ ಬಿಳಿ ಉಂಡೆ. ಪಕ್ಕದ ಮಂಕು ಪ್ರತಿಬಿಂಬದಲ್ಲಿ ಮಾತ್ರ ಗ್ರಹಣದ ಆಕಾರ ಚೆನ್ನಾಗಿ ಮೂಡಿರುತ್ತದೆ. ಅಂದರೆ ಸುಳ್ಳು ಬಿಂಬವೂ ನಿಜವಾದ ಬೆಳಕಿನಿಂದಲೇ ಆದದ್ದು. ಜಾಗವಷ್ಟೇ ತಪ್ಪು.

ದೂರದರ್ಶಕಕ್ಕೆ ಬರೋಣ. ಕ್ಯಾಮೆರಾಕ್ಕೆ ಅಂಟಿಕೊಂಡ ದೋಷಗಳು ಸುಲಭವಾಗಿ ಸಿಕ್ಕಿಬೀಳುತ್ತವೆ. ಸೆನ್ಸರಿನ ಮುಂದಿನ ಗಾಜಿನ ಮೇಲೋ ಫಿಲ್ಟರಿನ ಮೇಲೋ ಧೂಳು ಕೂತರೆ ಅದರ ನೆರಳು ಬೀಳುತ್ತದೆ. ಕನ್ನಡಿ ದೂರದರ್ಶಕದಲ್ಲಾದರೆ ಆ ನೆರಳು ಉದ್ದಿನ ವಡೆಯ ಹಾಗೆ ನಡುವೆ ತೂತು ಇಟ್ಟುಕೊಂಡಿರುತ್ತದೆ. ಸದಾ ಉರಿಯುವ ಬಿಸಿ ಪಿಕ್ಸೆಲ್‌ಗಳು ಕೆಂಪು, ನೀಲಿ ನಕ್ಷತ್ರಗಳಂತೆ ಕಾಣುತ್ತವೆ. ಒಂದು ಎಕ್ಸ್‌ಪೋಷರ್‌ಗೂ ಇನ್ನೊಂದಕ್ಕೂ ನಡುವೆ ದೂರದರ್ಶಕವನ್ನು ಕೆಲವೇ ಪಿಕ್ಸೆಲ್‌ಗಳಷ್ಟು ಸರಿಸುವ ಅಭ್ಯಾಸವಿದೆ. ಡಿದರಿಂಗ್ ಅನ್ನುತ್ತಾರೆ. ಆಮೇಲೆ ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿದರೆ ಬಿಸಿ ಪಿಕ್ಸೆಲ್‌ಗಳು ಚೆದುರಿ ಹೋಗುತ್ತವೆ. ಧೂಳಿನ ನೆರಳಿಗೆ ಫ್ಲಾಟ್ ಫ್ರೇಮ್ ಮದ್ದು: ಸಮನಾಗಿ ಬೆಳಗಿದ ಖಾಲಿ ಹಿನ್ನೆಲೆಯ ಫೋಟೋ ತೆಗೆದು, ಅದರಲ್ಲಿ ಕಂಡ ನೆರಳನ್ನು ಅಸಲಿ ಫೋಟೋದಲ್ಲಿ ತುಂಬಿಸುವುದು. ಆದರೆ ಒಂದು ಎಚ್ಚರಿಕೆ. ಫ್ಲಾಟ್ ತೆಗೆದ ಮೇಲೆ ಧೂಳು ಜಾಗ ಬದಲಿಸಿದರೆ, ಇಲ್ಲದ ನೆರಳನ್ನು ತುಂಬಲು ಹೋಗಿ ಫೋಟೋದಲ್ಲಿ ಹೊಳೆಯುವ ಉಂಗುರವೇ ಹುಟ್ಟುತ್ತದೆ. ನೀಹಾರಿಕೆ ಅಂತ ಮರುಳಾಗಲು ಅಷ್ಟು ಸಾಕು.

ನಿಜವಾದ ತಲೆನೋವು ನಕ್ಷತ್ರಕ್ಕೆ ಅಂಟಿಕೊಂಡವುಗಳದ್ದು. ಕ್ಯಾಮೆರಾ ಸರಿಸಿದರೆ ಇವೂ ನಕ್ಷತ್ರದ ಜೊತೆಯೇ ಹೋಗುತ್ತವೆ, ಆಕಾಶದ್ದೇ ಎಂಬಂತೆ ನಟಿಸುತ್ತವೆ. ನಕ್ಷತ್ರದಿಂದ ಚಾಚುವ ಶಿಲುಬೆಯಂಥ ಮುಳ್ಳುಗಳು ಎಲ್ಲರಿಗೂ ಪರಿಚಿತ. ಕನ್ನಡಿ ದೂರದರ್ಶಕದ ಕೊಳವೆಯ ಬಾಯಿಯ ಬಳಿ ಇನ್ನೊಂದು ಚಿಕ್ಕ ಕನ್ನಡಿಯನ್ನು ಹಿಡಿದ ತೆಳು ಪಟ್ಟಿಗಳ ಅಂಚಿನಲ್ಲಿ ಬೆಳಕು ಬಾಗುವುದರಿಂದ ಅವು ಹುಟ್ಟುತ್ತವೆ. ನಾಲ್ಕು ಪಟ್ಟಿಗೆ ನಾಲ್ಕು ಮುಳ್ಳು, ಮೂರು ಪಟ್ಟಿಗೆ ಆರು. ಇಲ್ಲಿ ಕ್ಯಾಮೆರಾ ತಿರುಗಿಸಿ ಪ್ರಯೋಜನವಿಲ್ಲ. ಪಟ್ಟಿಗಳು ಇರುವುದು ಕೊಳವೆಯಲ್ಲಿ, ಹಾಗಾಗಿ ಲ್ಯಾಸೆಲ್ ಮಾಡಿದಂತೆ ಕೊಳವೆಯನ್ನೇ ತಿರುಗಿಸಬೇಕು.

ಮುಳ್ಳಿಗಿಂತ ಮೋಸಗಾರ ಎಂದರೆ ವರ್ತುಲ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯಲ್ಲಿ ಆಲ್ನಿಟಾಕ್ ಎಂಬ ಪ್ರಖರ ನಕ್ಷತ್ರವಿದೆ. ಅದಕ್ಕೆ ಅಂಟಿಕೊಂಡಂತೆ ಜ್ವಾಲೆ ನೀಹಾರಿಕೆ, ಸ್ವಲ್ಪ ಕೆಳಗೆ ಕುದುರೆತಲೆ ನೀಹಾರಿಕೆ. ಎರಡೂ ಅಪ್ಪಟ ನಿಜ. ಆದರೆ ಹವ್ಯಾಸಿಗಳ ಎಷ್ಟೋ ಫೋಟೋಗಳಲ್ಲಿ ಆಲ್ನಿಟಾಕ್ ಸುತ್ತ ಒಂದು ಮಂಕು ತಟ್ಟೆ ಇರುತ್ತದೆ. ಅದು ಸೆನ್ಸರ್ ಮತ್ತು ಫಿಲ್ಟರ್ ನಡುವೆ ಬೆಳಕು ಒಮ್ಮೆ ಹೋಗಿ ಬಂದ ಗುರುತು. ಎರಡು ನೀಹಾರಿಕೆಗಳ ಪಕ್ಕದಲ್ಲೇ ಇರುವುದರಿಂದ ಮೂರನೆಯದೂ ಇರಬಹುದು ಅಂತ ಕಣ್ಣು ಒಪ್ಪಿಕೊಂಡುಬಿಡುತ್ತದೆ.

ಇದನ್ನು ಹಿಡಿಯಲು ಸ್ಕೇಲು ಸಾಕು. ಫಿಲ್ಟರ್ ಸೆನ್ಸರಿನಿಂದ 10 ಮಿಲಿಮೀಟರ್ ದೂರದಲ್ಲಿದೆ, ದೂರದರ್ಶಕ ಎಫ್/5 (ನಾಭಿದೂರ ಅದರ ಬಾಯಿಯ ಅಗಲದ ಐದು ಪಟ್ಟು) ಅಂದುಕೊಳ್ಳಿ. ಬೆಳಕು ಹೋಗಿ ಬರುವಾಗ 20 ಮಿಲಿಮೀಟರ್ ಹೆಚ್ಚು ಕ್ರಮಿಸುತ್ತದೆ. ಅದನ್ನು 5ರಿಂದ ಭಾಗಿಸಿದರೆ 4 ಮಿಲಿಮೀಟರ್. ತಟ್ಟೆಯ ಅಗಲ ಅಷ್ಟೇ. ಲೆಕ್ಕವನ್ನು ಹಿಂದುಮುಂದು ಮಾಡಿ, ತಟ್ಟೆಯ ಅಗಲದಿಂದ ಯಾವ ಗಾಜು ಕಳ್ಳ ಎಂದು ಪತ್ತೆ ಮಾಡುವವರೂ ಇದ್ದಾರೆ. ಈ ಲೆಕ್ಕದಲ್ಲಿ ನಕ್ಷತ್ರದ ಹೊಳಪು ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಹಾಗಾಗಿ ಒಂದೇ ಫೋಟೋದ ಎಲ್ಲ ಪ್ರಖರ ನಕ್ಷತ್ರಗಳಿಗೂ ಒಂದೇ ಅಗಲದ ತಟ್ಟೆ ಇರಬೇಕು. ಪಕ್ಕದ ಇನ್ನೂ ಪ್ರಖರ ನಕ್ಷತ್ರಕ್ಕೆ ಇಲ್ಲದ ವರ್ತುಲ ಒಂದು ಮಂಕು ನಕ್ಷತ್ರಕ್ಕೆ ಮಾತ್ರ ಇದ್ದರೆ, ಆಗ ಕುರ್ಚಿಯ ತುದಿಗೆ ಬನ್ನಿ.

ಅಂದ ಹಾಗೆ ಆಲ್ನಿಟಾಕ್ ಕಡೆ ಕ್ಯಾಮೆರಾ ಹಿಡಿಯುವ ಕನ್ನಡಿಗರಿಗೆ ಇನ್ನೊಂದು ಕಾಟವಿದೆ. ಭೂಸ್ಥಿರ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸಾಲಾಗಿ ನಿಂತಿವೆ. ಬೆಂಗಳೂರಿನ ಅಕ್ಷಾಂಶದಿಂದ ನೋಡಿದರೆ ಆ ಸಾಲು ಆಕಾಶದ ಮಧ್ಯರೇಖೆಗಿಂತ (ಭೂಮಿಯ ಸಮಭಾಜಕವನ್ನು ಆಕಾಶಕ್ಕೆ ಹಿಗ್ಗಿಸಿದ ಗೆರೆ) ಎರಡು ಡಿಗ್ರಿ ಚಿಲ್ಲರೆ ದಕ್ಷಿಣಕ್ಕೆ ಬರುತ್ತದೆ. ಕುದುರೆತಲೆ ನೀಹಾರಿಕೆ ಇರುವುದೂ ಸರಿಸುಮಾರು ಅಲ್ಲೇ! ನಾವು ನಕ್ಷತ್ರಗಳನ್ನು ಹಿಂಬಾಲಿಸುತ್ತೇವೆ, ಉಪಗ್ರಹ ನಿಂತಲ್ಲೇ ನಿಂತಿರುತ್ತದೆ. ಎರಡು ನಿಮಿಷದ ಎಕ್ಸ್‌ಪೋಷರ್‌ನಲ್ಲಿ ಅದು ಅರ್ಧ ಡಿಗ್ರಿ ಉದ್ದದ, ಅಂದರೆ ಹುಣ್ಣಿಮೆ ಚಂದ್ರನಷ್ಟು ಉದ್ದದ ಗೆರೆ ಎಳೆದಿರುತ್ತದೆ. ಇದು ಲೆನ್ಸಿನ ತಪ್ಪಲ್ಲ, ಹೊರಗಿನ ನಿಜವಾದ ವಸ್ತು. ನಾವು ಹುಡುಕಿದ್ದಲ್ಲ, ಅಷ್ಟೇ.

ಈಗ ರೂಪ ನಂಬಬಾರದು ಎಂದದ್ದಕ್ಕೆ ಸಾಕ್ಷಿ. 2008ರ ಜುಲೈನಲ್ಲಿ ಅಮೆರಿಕದ ಹವ್ಯಾಸಿ ಡೇವ್ ಜುರಾಸೆವಿಚ್ ರಾಜಹಂಸ ನಕ್ಷತ್ರಪುಂಜದ ಕ್ರೆಸೆಂಟ್ ನೀಹಾರಿಕೆಯ ಬಳಿ ಒಂದು ಗುಳ್ಳೆ ಗುರುತಿಸಿದರು. ತೀರಾ ಮಂಕು, ಕೈವಾರದಲ್ಲಿ ಬರೆದಷ್ಟು ದುಂಡು. ನೋಡಿದ ಯಾರಿಗಾದರೂ ಇದು ಫಿಲ್ಟರ್ ಪ್ರತಿಫಲನ ಅನ್ನಿಸಬೇಕು. ಆದರೆ ಅದೇ ತಿಂಗಳು ಬೇರೆ ಇಬ್ಬರು ಹವ್ಯಾಸಿಗಳ ಫೋಟೋದಲ್ಲೂ ಅದು ಬಂತು. ಅಮೆರಿಕದ ಪಾಲೊಮಾರ್ ವೀಕ್ಷಣಾಲಯದ ಆಕಾಶ ಸಮೀಕ್ಷೆಯ 16 ವರ್ಷ ಹಳೆಯ ಚಿತ್ರದಲ್ಲೂ ಸಿಕ್ಕಿತು, ಅದೇ ಜಾಗ, ಅದೇ ಗಾತ್ರ. ಸಾಯುತ್ತಿರುವ ನಕ್ಷತ್ರ ಉಗುಳಿದ ಅನಿಲದ ಗುಳ್ಳೆ ಅದು. ಈಗ ಸೋಪ್ ಬಬಲ್ ನೀಹಾರಿಕೆ ಎಂದೇ ಹೆಸರು.

ಇನ್ನೂ ಸ್ವಾರಸ್ಯದ ಕಥೆ ಆಂಡ್ರೊಮಿಡ ಗ್ಯಾಲಕ್ಸಿಯದ್ದು. ಅದರಷ್ಟು ಫೋಟೋ ತೆಗೆಸಿಕೊಂಡ ಗ್ಯಾಲಕ್ಸಿ ಇನ್ನೊಂದು ಇರಲಿಕ್ಕಿಲ್ಲ. 2022ರಲ್ಲಿ ಫ್ರಾನ್ಸಿನ ಹವ್ಯಾಸಿ ಯಾನ್ ಸಾಂಟಿ 106 ಮಿಲಿಮೀಟರಿನ ಪುಟ್ಟ ದೂರದರ್ಶಕದಿಂದ, ಆಮ್ಲಜನಕದ ಹೊಳಪನ್ನು ಮಾತ್ರ ಬಿಡುವ ಫಿಲ್ಟರ್ ಹಾಕಿ ಅದನ್ನು ಚಿತ್ರಿಸಿದರು. ಮಾರ್ಸೆಲ್ ಡ್ರೆಕ್ಸ್ಲರ್ ಮತ್ತು ಗ್ಸಾವಿಯೇ ಸ್ಟ್ರಾಟ್ನರ್ ಜೊತೆ ಸೇರಿ ನೋಡಿದಾಗ ಗ್ಯಾಲಕ್ಸಿಯ ಪಕ್ಕ ಒಂದೂವರೆ ಡಿಗ್ರಿ ಉದ್ದದ ನೀಲಿ ಕಮಾನು. ಯಾವ ಹಳೆಯ ಚಿತ್ರದಲ್ಲೂ ಇಲ್ಲ. ಜಲಜನಕದ ಫಿಲ್ಟರಿನಲ್ಲೂ ಕಾಣುವುದಿಲ್ಲ. ಆಮ್ಲಜನಕದ ಫಿಲ್ಟರುಗಳು ಪ್ರತಿಫಲನಕ್ಕೆ ಮೊದಲೇ ಕುಖ್ಯಾತ. ಎಲ್ಲ ಸಾಕ್ಷಿಯೂ ಫಿಲ್ಟರಿನ ಕಡೆಗೇ ಬೆರಳು ತೋರಿಸುತ್ತಿತ್ತು. ಅವರು ಬೇರೆ ಜಾಗದಲ್ಲಿ, ಬೇರೆ ದೂರದರ್ಶಕ, ಬೇರೆ ಕ್ಯಾಮೆರಾ ಇದ್ದವರಿಂದ ಫೋಟೋ ತೆಗೆಸಿದರು. ಕಮಾನು ಎಲ್ಲರಿಗೂ ಬಂತು. 2023ರ ಜನವರಿಯಲ್ಲಿ ವೃತ್ತಿಪರ ವಿಜ್ಞಾನಿಗಳ ಜೊತೆ ಅದನ್ನು ಪ್ರಕಟಿಸಿದರು. ಅದು ಆಂಡ್ರೊಮಿಡದ ಹತ್ತಿರದ್ದೋ, ನಮ್ಮದೇ ಗ್ಯಾಲಕ್ಸಿಯದ್ದೋ ಎಂಬ ಚರ್ಚೆ ಆಮೇಲೂ ನಡೆಯಿತು. ಆಕಾಶದ್ದು ಎಂಬುದರಲ್ಲಿ ಮಾತ್ರ ತಕರಾರಿಲ್ಲ.

ಇಲ್ಲಿ ಇನ್ನೊಬ್ಬರು ನೋಡಿದರು ಎಂಬುದಕ್ಕಿಂತ ಉಪಕರಣ ಬೇರೆ ಎಂಬುದೇ ಮುಖ್ಯ. ಚಾಲಿಸ್ ಕೂಡ ಇನ್ನೊಬ್ಬರೇ ಅಲ್ವಾ? ಅವರಿಗೆ ಏನು ಕಾಣಬೇಕೆಂದು ಮೊದಲೇ ಗೊತ್ತಿತ್ತು. ಈಗಂತೂ ಚಿತ್ರವನ್ನು ಚೂಪು ಮಾಡುವ, ಗದ್ದಲ (ಕಾಳುಕಾಳಾದ ನಾಯ್ಸ್) ತೆಗೆಯುವ ಸಾಫ್ಟ್‌ವೇರ್‌ಗಳೂ ತಾವು ಕಲಿತದ್ದನ್ನು ಇಲ್ಲದ ಕಡೆ ತುಂಬಬಲ್ಲವು. ಹಾಗಾಗಿ ಅನುಮಾನ ಬಂದರೆ ಮೊದಲು ನೋಡಬೇಕಾದ್ದು ಕ್ಯಾಮೆರಾದಿಂದ ಬಂದ ಕಚ್ಚಾ ಫ್ರೇಮುಗಳನ್ನು.

ಹಳೆಯ ಚಿತ್ರದಲ್ಲಿ ಇಲ್ಲ ಎಂದಮಾತ್ರಕ್ಕೆ ಸುಳ್ಳೂ ಅಲ್ಲ. 2004ರ ಜನವರಿಯಲ್ಲಿ ಅಮೆರಿಕದ ಕೆಂಟಕಿಯ ಜೇ ಮೆಕ್‌ನೀಲ್ ಮೂರು ಅಂಗುಲದ ದೂರದರ್ಶಕದಲ್ಲಿ ಮಹಾವ್ಯಾಧನ ಎಂ78 ನೀಹಾರಿಕೆಯ ಫೋಟೋ ತೆಗೆದರು. ಪಕ್ಕದಲ್ಲಿ ಬೀಸಣಿಗೆಯಂಥ ಬೆಳಕು. ಪಾಲೊಮಾರ್ ಚಿತ್ರಗಳಲ್ಲಿ ಅದಿರಲಿಲ್ಲ. ಅದು ಲೆನ್ಸಿನದ್ದಲ್ಲ. ಒಂದು ಎಳೆಯ ನಕ್ಷತ್ರ ಆಗಷ್ಟೇ ಭುಗಿಲೆದ್ದು ತನ್ನ ಸುತ್ತಲಿನ ಧೂಳನ್ನು ಬೆಳಗಿಸಿತ್ತು. ಆಮೇಲೆ ಹುಡುಕಿದರೆ 1966ರಲ್ಲಿ ಇನ್ನೊಬ್ಬ ಹವ್ಯಾಸಿ ತೆಗೆದ ಫೋಟೋದಲ್ಲೂ ಅದು ಇತ್ತು, ಯಾರೂ ಗಮನಿಸಿರಲಿಲ್ಲ. ಎರಡು ವರ್ಷದೊಳಗೆ ಅದು ಮಂಕಾಯಿತು, 2008ರಲ್ಲಿ ಮತ್ತೆ ಹೊತ್ತಿತು, 2018ರ ಹೊತ್ತಿಗೆ ಮತ್ತೆ ಮಾಯ. ಚಳಿಗಾಲದಲ್ಲಿ ಎಂ78 ತೆಗೆಯುವವರು ಫೋಟೋದ ಆ ಮೂಲೆಯನ್ನು ಕತ್ತರಿಸುವ ಮೊದಲು ಒಮ್ಮೆ ಹಿಗ್ಗಿಸಿ ನೋಡಿ.