ಹೊಸ ಕರ್ನಲ್ ಬಂದ ಮೇಲೆ ಹಳೇ ಡೀಬಗರ್ ಸ್ಕ್ರಿಪ್ಟ್ ಯಾಕೆ ಕೈಕೊಡುತ್ತದೆ?

"ಸರ್, ನಮ್ಮ ಲಿನಕ್ಸ್ ಸರ್ವರ್ ಕ್ರ್ಯಾಶ್ ಆಗಿ ಡಂಪ್ ಸಿಕ್ಕಿದೆ. ಆದ್ರೆ ಕರ್ನಲ್ ಅಪ್‌ಡೇಟ್ ಮಾಡಿದಾಗಿನಿಂದ ನಮ್ಮ ಜಿಡಿಬಿ ಸ್ಕ್ರಿಪ್ಟ್ ಲಾಗನ್ನೇ ತೋರಿಸ್ತಿಲ್ಲ. ಡಂಪ್ ಕೆಟ್ಟಿದೆಯೇನ್ರಿ?"
– ಹುಬ್ಬಳ್ಳಿ ಗೋಕುಲ ರೋಡಿನ ಓದುಗರೊಬ್ಬರು

ದಯವಿಟ್ಟು ಡಂಪ್ ಅಳಿಸಬೇಡಿ. ಬಹುಶಃ ಅದು ಸರಿಯಾಗಿಯೇ ಇದೆ, ಹಳತಾಗಿರುವುದು ಜಿಡಿಬಿಗೆ, ಅಂದರೆ ದೋಷ ಹುಡುಕುವ ಡೀಬಗರಿಗೆ, ನೀವು ಬರೆದ ಸ್ಕ್ರಿಪ್ಟ್.

ಡಂಪ್ ಅಂದರೆ ಕ್ರ್ಯಾಶ್ ಆದ ಹೊತ್ತಿನ ಮೆಮೊರಿಯ ನಕಲು, ಬರೀ ಬೈಟ್‌ಗಳು. ಯಾವ ಬೈಟಿಗೆ ಏನರ್ಥ ಅನ್ನುವುದು ಡೀಬಗ್ ಮಾಹಿತಿ ಇರುವ ವಿಎಮ್‌ಲಿನಕ್ಸ್ ಫೈಲಿನಲ್ಲಿರುತ್ತದೆ. ಆ ಫೈಲು ಕ್ರ್ಯಾಶ್ ಆದ ಬಿಲ್ಡಿನದ್ದೇ ಆಗಿರಬೇಕು. ಮೊದಲು ಎರಡರ ಬಿಲ್ಡ್ ಐಡಿ (ಪ್ರತಿ ಬಿಲ್ಡಿಗೂ ಇರುವ ಗುರುತು) ತಾಳೆ ನೋಡಿ.

ಅದು ಸರಿ ಇದ್ದರೆ ಸ್ಕ್ರಿಪ್ಟ್ ಕಡೆ ಬನ್ನಿ. ತನ್ನ ಒಳಗಿನ ಸ್ಟ್ರಕ್ಚರ್‌ಗಳು (ಹಲವು ಫೀಲ್ಡ್, ಅಂದರೆ ಮಾಹಿತಿಯ ಖಾನೆಗಳು, ಸೇರಿದ ಜೋಡಣೆಗಳು) ಬದಲಾಗುವುದಿಲ್ಲ ಎಂದು ಲಿನಕ್ಸಿನ ತಿರುಳಾದ ಕರ್ನಲ್ ಯಾರಿಗೂ ಮಾತು ಕೊಟ್ಟಿಲ್ಲ. ಕರ್ನಲ್ ಆವೃತ್ತಿ 5.10ರಲ್ಲಿ ಲಾಗ್ ಇಡುವ ಪ್ರಿಂಟ್‌ಕೆ ಬಫರ್ ಪೂರ್ತಿ ಬದಲಾಗಿ, ಲಾಕ್ ಬೇಡದ ಹೊಸ ರಿಂಗ್ ಬಫರ್ ಬಂತು. ನೀವು ಅದಕ್ಕಿಂತ ಹಳೆಯದರಿಂದ ಬಂದಿದ್ದರೆ ಕಾರಣ ಇದೇ ಇರಬೇಕು. 6.4ರಲ್ಲಿ ಮಾಡ್ಯೂಲ್‌ಗಳ (ಕರ್ನಲ್ಲಿಗೆ ಬೇಕಾದಾಗ ಸೇರಿಸುವ ಭಾಗಗಳ) ಮೆಮೊರಿ ವಿವರ ಇಡುವ ರೀತಿಯೂ ಬದಲಾಯಿತು.

ಫೀಲ್ಡಿನ ಹೆಸರು ಬದಲಾದರೆ ಅಷ್ಟು ಚಿಂತೆ ಇಲ್ಲ, ಜಿಡಿಬಿ ಎರರ್ ಕೊಟ್ಟು ನಿಲ್ಲುತ್ತದೆ. ನನಗೆ ಭಯ ಆಫ್‌ಸೆಟ್ (ಸ್ಟ್ರಕ್ಚರಿನ ಶುರುವಿನಿಂದ ಫೀಲ್ಡ್ ಎಷ್ಟು ಬೈಟ್ ದೂರ ಎಂಬ) ಸಂಖ್ಯೆಯನ್ನೇ ಬರೆದಿಟ್ಟ ಸ್ಕ್ರಿಪ್ಟ್‌ಗಳದ್ದು. ದುರ್ಗದ ಬೈಲಿನಲ್ಲಿ 'ಮೂಲೆಯಿಂದ ಮೂರನೇ ಅಂಗಡಿ' ಎಂದಷ್ಟೇ ಗುರುತು ಇಟ್ಟುಕೊಂಡರೆ, ನಡುವೆ ಹೊಸ ಅಂಗಡಿ ಎದ್ದ ದಿನ ಬೇರೆಯವರ ಮುಂದೆ ನಿಂತಿರುತ್ತೀರಿ, ಅಲ್ವಾ? ಅಳತೆ ಬದಲಾದರೂ ಹೀಗೇ. 5.14ರಲ್ಲಿ, ಪ್ರತಿ ಪ್ರೊಸೆಸ್ಸಿನ ವಿವರ ಇಡುವ ಟಾಸ್ಕ್ ಸ್ಟ್ರಕ್ಟಿನ 'ಸ್ಟೇಟ್' ಫೀಲ್ಡಿನ ಹೆಸರಿಗೆ ಮುಂದೆ ಎರಡು ಅಂಡರ್‌ಸ್ಕೋರ್ ಸೇರಿದವು. ಜೊತೆಗೆ 64 ಬಿಟ್ ಯಂತ್ರಗಳಲ್ಲಿ ಅದರ ಅಳತೆ 8 ಬೈಟ್‌ನಿಂದ 4ಕ್ಕೆ ಇಳಿಯಿತು. ಸುಮ್ನೆ 8 ಬೈಟ್ ಓದುವ ಸ್ಕ್ರಿಪ್ಟ್ ಪಕ್ಕದ 4 ಬೈಟನ್ನೂ ಎಳೆದುಕೊಳ್ಳುತ್ತದೆ. ಎರರ್ ಬರುವುದಿಲ್ಲ, ತಪ್ಪು ಉತ್ತರ ಬರಬಹುದು. ಅದನ್ನು ನಂಬಿದರೆ ಏನೂ ತಪ್ಪು ಮಾಡದ ಪ್ರೊಸೆಸ್ಸಿನ ಬೆನ್ನು ಹತ್ತುತ್ತೀರಿ.

ಆದ್ದರಿಂದ ಫೀಲ್ಡನ್ನು ಯಾವಾಗಲೂ ಹೆಸರು ಹಿಡಿದೇ ಓದಿ. ಹೊಸ ಜೋಡಣೆ ನೋಡಲು ಜಿಡಿಬಿಯ 'ಪಿಟೈಪ್' ಕಮಾಂಡಿಗೆ 'ಸ್ಲ್ಯಾಶ್ ಓ' ಸೇರಿಸಿದರೆ ಆಫ್‌ಸೆಟ್ ಸಮೇತ ಕಾಣುತ್ತದೆ. ಸ್ಕ್ರಿಪ್ಟಿನಲ್ಲಿ 'ಆವೃತ್ತಿ 5.14 ದಾಟಿದೆಯೇ' ಎಂದು ಕೇಳಬೇಡಿ, 'ಈ ಫೀಲ್ಡ್ ಇದೆಯೇ' ಎಂದು ಕೇಳಿ. ರೆಡ್ ಹ್ಯಾಟ್‌ನಂಥ ಲಿನಕ್ಸ್ ಕಂಪನಿಗಳು ಹೊಸ ಬದಲಾವಣೆಗಳನ್ನು ಹಳೇ ಆವೃತ್ತಿಗೂ ತರುವುದರಿಂದ ಸಂಖ್ಯೆಯನ್ನು ನಂಬುವಂತಿಲ್ಲ.

ಲಾಗ್ ಓದುವ ಭಾಗವನ್ನಂತೂ ನೀವೇ ಬರೆಯಬೇಡಿ. ಕರ್ನಲ್ ಸೋರ್ಸಿನ ಜೊತೆಗೇ ಬರುವ ಜಿಡಿಬಿ ಸ್ಕ್ರಿಪ್ಟ್‌ಗಳಲ್ಲಿ ಲಾಗ್ ತೋರಿಸುವ 'lx-dmesg' ಕಮಾಂಡ್ ಇದೆ. ನಿಮ್ಮ ಕರ್ನಲ್ಲಿನದೇ ಪ್ರತಿ ಬಳಸಿ. ಡಂಪನ್ನು ಮೇಕ್‌ಡಂಪ್‌ಫೈಲ್ ಎಂಬ ಟೂಲ್ ಕುಗ್ಗಿಸಿದ್ದರೆ ಜಿಡಿಬಿ ಅದನ್ನು ನೇರವಾಗಿ ತೆರೆಯುವುದಿಲ್ಲ. ಆಗ ಕರ್ನಲ್ ಡಂಪ್ ಓದಲೆಂದೇ ಇರುವ 'ಕ್ರ್ಯಾಶ್' ಎಂಬ ಟೂಲಿನ ಹೊಸ ಆವೃತ್ತಿ ಹಾಕಿಕೊಂಡು 'ಲಾಗ್' ಎಂದು ಕೊಡಿ.